ಎದುರಂಗಡಿಯ ಉಪಕಾರ

11 ಫೆಬ್ರವರಿ 2005, ಶುಕ್ರವಾರ

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ — ಇಂದು ಬೆಳಿಗ್ಗೆ ರಾಹುಕಾಲಕ್ಕೆ ಮುಂಚಿತವಾಗಿ, ಚನ್ನರಾಯಪಟ್ಟಣದ ಹೊನ್ನಶ್ರೀ ಸಿಲ್ಕ್ಸ್‌ನಲ್ಲಿ, ಗಲ್ಲಾಪೆಟ್ಟಿಗೆಯ ಎಡಭಾಗದಲ್ಲಿ, ಒಂದು ಪ್ಲಗ್ ಪಾಯಿಂಟ್ ಪ್ರತಿಷ್ಠಾಪನೆಗೊಂಡಿತು. ಬಿಳಿ ಬಣ್ಣ. ಮೂರು ತೂತು. ಸ್ವಿಚ್ ಒತ್ತಿದರೆ ಕೆಂಪು ದೀಪ.

ಪ್ಲಗ್ ಯಾಕೆ? ಕಾರ್ಡ್ ಮೆಷಿನ್ ಸಿಕ್ಕಿಸುವುದಕ್ಕೆ. ಮೆಷಿನ್ ಯಾಕೆ? ಎದುರಂಗಡಿಯ ಪ್ರದ್ಯುಮ್ನನ ಹತ್ತಿರ ಹೋದ ವರ್ಷದಿಂದ ಇದೆ. ಬೇರೆ ಕಾರಣ ಇಲ್ಲ. ಇದ್ದಿದ್ದರೆ ಬರೆಯುತ್ತಿದ್ದೆ.

ಆತ್ರೇಯ ಸ್ಯಾರೀಸ್. ಅವನ ಅಂಗಡಿ, ಮಗನ ಹೆಸರಂತೆ. ಅಪ್ಪ ಮೇಷ್ಟರು, ತಾತ ಅರ್ಚಕರು, ಇವನು ಸೀರೆ ವ್ಯಾಪಾರ! ವ್ಯಾಪಾರ ರಕ್ತದಲ್ಲಿ ಇಲ್ಲದವನಿಗೆ ಗಾಜಿನ ಬಾಗಿಲು, ಎ.ಸಿ., ಬಂದವರಿಗೆಲ್ಲ ಬಾದಾಮಿ ಹಾಲು. ರಕ್ತದಲ್ಲಿ ಇರುವ ನನಗೆ ಮೂರು ರೆಕ್ಕೆಯ ಫ್ಯಾನು. ಅದರಲ್ಲೂ ಒಂದು ರೆಕ್ಕೆ ಸೊಟ್ಟ. ಅವನ ಮೆಷಿನ್ ಚೀಟಿ ಉಗುಳುವ ಸದ್ದು ಇದೆಯಲ್ಲ, ಚರ್ರ್… ಚರ್ರ್… ಗಾಜಿನ ಬಾಗಿಲು ಮುಚ್ಚಿದ್ದರೂ ನನಗೆ ಕೇಳಿಸುತ್ತದೆ. ನಂಜಮ್ಮ ಒಪ್ಪುವುದಿಲ್ಲ.

"ಅಲ್ಲಾ ಕಣ್ರೀ, ನಮ್ಮೂರಲ್ಲಿ ಕಾರ್ಡ್ ತರೋರು ದಿನಕ್ಕೆ ಎಷ್ಟು ಜನ ಇದ್ದಾರು?"

"ಎದುರುಗಡೆ ನಿನ್ನೆ ಐದು."

"ಎಣಿಸ್ತಾ ಕೂತಿದ್ರಾ?"

ಹೆಂಡತಿಯ ಎಲ್ಲಾ ಪ್ರಶ್ನೆಗೂ ಉತ್ತರ ಕೊಡಬೇಕೆಂದು ಎಲ್ಲೂ ಬರೆದಿಲ್ಲ.

ಮೆಷಿನ್ ತಂದವರು ಹಾಸನದ ಬ್ಯಾಂಕಿನ ಹಂಸ ಮೇಡಂ. ಚೂಟಿ ಹೆಣ್ಣುಮಗಳು. ಕಾರ್ಡ್ ಎಳೆಯುವುದು ಹೇಗೆ, ಗಿರಾಕಿಯ ಸಹಿ ಎಲ್ಲಿ ಹಾಕಿಸಬೇಕು, ಎಲ್ಲಾ ಹೇಳಿಕೊಟ್ಟು ಕೊನೆಗೆ ಒಂದು ಮಾತು: "ಸಹಿ ಹಾಕಿದ ಚೀಟಿ ಮಾತ್ರ ತುಂಬಾ ಜೋಪಾನ ಸರ್."

ಜೋಪಾನ ಮಾಡುವುದನ್ನು ನಮಗೆ ಹೇಳಿಕೊಡಬೇಕೇ.

14 ಫೆಬ್ರವರಿ, ಸೋಮವಾರ. ರಾತ್ರಿ

ಬೋಣಿ ಆಯಿತು!

ಸ್ನೇಹಲತಾ ಅಂತ. ಇರುವುದು ಬೆಂಗಳೂರು, ತವರು ಹೊಳೆನರಸೀಪುರ. ಅಕ್ಕನ ಮಗಳ ಮದುವೆ. ಕಾರಿನಲ್ಲಿ ಬಂದು, ಎರಡೂ ಅಂಗಡಿಯ ಬೋರ್ಡ್ ನೋಡಿ, ನನ್ನ ಮೆಟ್ಟಿಲು ಹತ್ತಿದರು. ಎಡಕ್ಕೆ ಹೋಗಬಹುದಿತ್ತು. ಬಲಕ್ಕೆ ಬಂದರು. ಮೂರು ರೇಷ್ಮೆ ಸೀರೆ. ಅದರಲ್ಲಿ ಒಂದು ಎಲೆಹಸಿರು, ಕಾಫಿ ಬಣ್ಣದ ಅಂಚು. ಯಾರಿಗೂ ತೋರಿಸದೆ ಒಳಗಿಟ್ಟಿದ್ದೆ. ಒಟ್ಟು ಇಪ್ಪತ್ತೆಂಟು ಸಾವಿರದ ನಾನೂರು.

ಕಾರ್ಡ್ ಎಳೆದೆ. ಮೆಷಿನ್ ಫೋನ್ ಲೈನ್ ಹಿಡಿದು ಕಿಂಯ್ ಅಂದಿತು, ಕೊಂಯ್ ಅಂದಿತು, ಸುಮ್ಮನಾಯಿತು. ನನ್ನ ಎದೆಯೂ ಸುಮ್ಮನಾಯಿತು. ಆಮೇಲೆ… ಚರ್ರ್! ಬಾಗಿಲಿನ ಹತ್ತಿರ ಹೋಗಿ ಜೋರಾಗಿ ಕೆಮ್ಮಿದೆ. ಪ್ರದ್ಯುಮ್ನ ತಲೆ ಎತ್ತಲಿಲ್ಲ. ನಟನೆ.

ಸಹಿ ಹಾಕಿದ ಚೀಟಿಯನ್ನು ಜೋಪಾನ ಮಾಡಬೇಕಲ್ಲ? ನಮ್ಮಲ್ಲಿ ಬೋಣಿಯ ದುಡ್ಡು ಗಲ್ಲಾಕ್ಕೆ ಹೋಗುವುದಿಲ್ಲ. ಮೊದಲು ಲಕ್ಷ್ಮಿಯ ಮುಂದೆ. ಚೀಟಿಗೂ ಅರಿಶಿನ ಕುಂಕುಮ ಹಚ್ಚಿ, ಫೋಟೋಕ್ಕೆ ಒರಗಿಸಿ, ಅವ್ವನ ಕೈಯಲ್ಲಿ ಒಂದು ಹೂವು ಇಡಿಸಿದೆ. ಅದಕ್ಕಿಂತ ಜೋಪಾನದ ಜಾಗ ಈ ತಾಲ್ಲೂಕಿನಲ್ಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ದಿನ. ಆದರೆ ದಿನಚರಿಯಲ್ಲಿ ಸುಳ್ಳು ಬರೆಯಬಾರದು.

ಆ ಹೆಂಗಸು ನನ್ನ ಅಂಗಡಿ ಇಳಿದು ಕಾರು ಹತ್ತಲಿಲ್ಲ. ನನ್ನ ಬ್ಯಾಗ್ ಹಿಡಿದುಕೊಂಡು ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿದರು. ಅವರು ಒಳಗಿದ್ದಷ್ಟು ಹೊತ್ತೂ ನಾನು ಒಂದೇ ಸೀರೆಯನ್ನು ಬಿಚ್ಚಿ ಮಡಿಸಿ, ಮಡಿಸಿ ಬಿಚ್ಚಿ… ಹೊರಗೆ ಬಂದಾಗ ಕೈಯಲ್ಲಿ ನನ್ನ ಬ್ಯಾಗ್ ಇಲ್ಲ!

ಏನಾಯಿತು ಒಳಗೆ?

18 ಏಪ್ರಿಲ್, ಸೋಮವಾರ

ಎರಡು ತಿಂಗಳು ಬರೆದಿಲ್ಲ. ವ್ಯಾಪಾರ ಚೆನ್ನಾಗಿದ್ದರೆ ಬರೆಯುವುದಕ್ಕೆ ಏನಿರುತ್ತದೆ.

ಇವತ್ತು ಬ್ಯಾಂಕಿನಿಂದ ಕಾಗದ. ಎಂದಿನಂತೆ ನಮ್ಮಪ್ಪನ ಕಾಲದ ಮಂಡಿಯ ಹೆಸರಿಗೇ ಬಂದಿದೆ. ಫೆಬ್ರವರಿ 14ರ ಇಪ್ಪತ್ತೆಂಟು ಸಾವಿರದ ನಾನೂರನ್ನು ಗಿರಾಕಿ "ಇದು ನಮ್ಮ ಖರ್ಚಲ್ಲ" ಎಂದು ನಿರಾಕರಿಸಿದ್ದಾರೆ, ಆದಕಾರಣ ಅಷ್ಟೂ ದುಡ್ಡನ್ನು ನಿಮ್ಮ ಖಾತೆಯಿಂದ ವಾಪಸು ತೆಗೆಯಲಾಗಿದೆ. ಒಪ್ಪಿಗೆ ಇಲ್ಲದಿದ್ದರೆ ತಿಂಗಳ ಕೊನೆಯೊಳಗೆ ಪುರಾವೆ ಕಳಿಸತಕ್ಕದ್ದು.

ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರಂತೆ.

ನನ್ನ ಬೋಣಿ! ಎಲೆಹಸಿರು ಉಟ್ಟುಕೊಂಡು ಮದುವೆಯಲ್ಲಿ ಓಡಾಡಿ, ಊಟ ಮಾಡಿ, ಈಗ "ತಗೊಂಡೇ ಇಲ್ಲ"?

ಯೋಚನೆ ಮಾಡಿದಷ್ಟೂ ಒಂದೇ ಕಡೆಗೆ ಹೋಗುತ್ತಿದೆ. ಗಾಜಿನ ಬಾಗಿಲಿನ ಕಡೆಗೆ. ಅವತ್ತು ಒಳಗೆ ಕೂರಿಸಿಕೊಂಡು ಬಾದಾಮಿ ಹಾಲು ಕುಡಿಸಿ, "ಕಾರ್ಡಿನ ದುಡ್ಡು ವಾಪಸ್ ತಗೋಬಹುದು ಮೇಡಂ, ನಾನು ಹೇಳಿಕೊಡ್ತೀನಿ" ಎಂದಿರಬೇಕು. ಸಾಕ್ಷಿ ಇಲ್ಲ. ಆದರೆ ಸಂಜೆ ಅಂಗಡಿ ಮುಚ್ಚುವಾಗ ನನ್ನನ್ನು ನೋಡಿ ನಕ್ಕ. ನಿರಪರಾಧಿ ಹಾಗೆ ನಗುತ್ತಾನೆಯೇ?

19 ಏಪ್ರಿಲ್, ಮಂಗಳವಾರ

ಚೀಟಿ ತೆಗೆಯಲು ಲಕ್ಷ್ಮಿಯ ಮುಂದೆ ನಿಂತೆ. ಹೂವು ಸರಿಸಿದೆ.

ಕಪ್ಪು.

ಹೆಸರಿಲ್ಲ, ಅಂಕಿಯಿಲ್ಲ. ಅಂಗೈಯಗಲದ ಅಮಾವಾಸ್ಯೆ. ಆ ಚೀಟಿಯ ಕಾಗದಕ್ಕೆ ಬಿಸಿ ಆಗುವುದಿಲ್ಲವಂತೆ, ತಾಗಿದರೆ ಕಪ್ಪಗಾಗುತ್ತದಂತೆ. ನಾವು ದಿನಕ್ಕೆ ಎರಡು ಹೊತ್ತು ಅದರ ಮೂತಿಗೆ ದೀಪ ಹಚ್ಚಿದ್ದೇವೆ, ಶುಕ್ರವಾರ ಕರ್ಪೂರ ಬೇರೆ.

ಅವ್ವ ಕನ್ನಡಕ ಏರಿಸಿ ನೋಡಿದಳು. "ದೃಷ್ಟಿ ತಗುಲ್ಯದೆ ಕಣ್ಲಾ. ಎದ್ರುಗಡೆಯೋರ್ದು."

ನನ್ನ ಹೆತ್ತವ್ವ. ಒಂದೇ ನೋಟಕ್ಕೆ ವಿಷಯ ಹಿಡಿದಳು.

20 ಏಪ್ರಿಲ್, ಬುಧವಾರ. ಹಾಸನದ ಬಸ್‌ಸ್ಟ್ಯಾಂಡ್

ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಮನಸ್ಸೂ ಹಾಗೇ.

ರಾತ್ರಿ ಕೂತು ಬ್ಯಾಂಕಿಗೆ ಮೂರು ಪುಟದ ಉತ್ತರ ಬರೆದಿದ್ದೆ. ನಮ್ಮ ವಂಶದ ಪ್ರಾಮಾಣಿಕತೆ, ಅಪ್ಪ ತಕ್ಕಡಿ ಹಿಡಿಯುತ್ತಿದ್ದ ರೀತಿ, ಈಗಿನ ಕಾಲದ ಹೆಂಗಸರು. ಹಂಸ ಮೇಡಂ ಒಂದಕ್ಷರ ಬಿಡದೆ ಓದಿದರು.

"ತುಂಬಾ ಚೆನ್ನಾಗಿ ಬರೆದಿದ್ದೀರಿ ಸರ್. ಆದ್ರೆ ಇದು ಯಾತಕ್ಕೂ ಬರಲ್ಲ."

"ಮೂರನೇ ಪುಟ ಓದಿದ್ರಾ?"

"ಓದ್ದೆ ಸರ್, ಕಣ್ಣಲ್ಲಿ ನೀರು ಬಂತು. ಬ್ಯಾಂಕಿಗೆ ಬೇಕಾಗಿರೋದು ಸಹಿ ಇರೋ ಚೀಟಿ. ಅದಿಲ್ಲ ಅಂದ್ರೆ ಅದಕ್ಕೆ ಹೊಂದೋ ಬಿಲ್ಲು, ಮಾಲು ಆಕೆ ಕೈಗೆ ಸೇರಿದೆ ಅನ್ನೋದಕ್ಕೆ ಸಹಿ. ಎಲ್ಲಕ್ಕಿಂತ ಒಳ್ಳೇದು, 'ಖರ್ಚು ನಮ್ಮದೇ, ತಕರಾರು ವಾಪಸ್ ತಗೋತೀವಿ' ಅಂತ ಕಾರ್ಡಿನೋರದ್ದೇ ಒಂದು ಕಾಗದ."

ಕರಿ ಚೀಟಿಯನ್ನು ಮೇಜಿನ ಮೇಲಿಟ್ಟೆ. ಓರೆಯಾಗಿ ಹಿಡಿದರೆ ನೀಲಿ ಪೆನ್ನಿನ ಗೀಟು ಸ್ವಲ್ಪ ಮಿನುಗುತ್ತದೆ ಎಂದು ತೋರಿಸಿದೆ. ಮೇಡಂ ಓರೆ ಮಾಡಿದರು, ನೆಟ್ಟಗೆ ಮಾಡಿದರು, ಮೂಸಿ ನೋಡಿದರು.

"ಕರ್ಪೂರಾನಾ ಸರ್?"

ನೆಲ ನೋಡಿದೆ.

"ನೋಡಿ ಸರ್, ನಿಮ್ಮ ಮೆಷಿನ್ನಿಗೆ ಮೊದಲನೇ ಗಿರಾಕೀನೇ ತಕರಾರು. ಇದು ಸೋತ್ರೆ ಮೆಷಿನ್ ವಾಪಸ್ ತಗೊಳಿ ಅಂತ ಮೇಲಿನೋರು ಹೇಳಬಹುದು."

ದುಡ್ಡು ಹೋದರೆ ಹೋಗಲಿ, ಎರಡು ಮದುವೆ ಸೀಸನ್ನಿನಲ್ಲಿ ದುಡಿದೇನು. ಆದರೆ ಮೆಷಿನ್ನು! ಹಾಡುಹಗಲು ವೈರು ಸುತ್ತಿ, ಡಬ್ಬಕ್ಕೆ ತುಂಬಿ, ನನ್ನ ಮೆಟ್ಟಿಲು ಇಳಿಸಿಕೊಂಡು ಹೋಗುವುದು… ಗಾಜಿನ ಬಾಗಿಲಿನ ಎದುರಿಗೆ… ಆಮೇಲೆ ನನ್ನ ಪ್ಲಗ್ ಪಾಯಿಂಟಿನ ಕೆಂಪು ದೀಪ ಯಾರಿಗಾಗಿ ಉರಿಯಬೇಕು?

ಹೊರಡುವಾಗ ಮೇಡಂ ಒಂದು ಸಲಹೆ ಕೊಟ್ಟರು. ಬರೆಯುವುದಕ್ಕೆ ಕೈ ಬರುತ್ತಿಲ್ಲ.

"ನಿಮ್ಮ ಎದುರುಗಡೆ ಆತ್ರೇಯ ಸ್ಯಾರೀಸ್ ಇದ್ಯಲ್ಲ ಸರ್? ಅವರಿಗೂ ಹೋದ ವರ್ಷ ಒಂದು ಚಾರ್ಜ್‌ಬ್ಯಾಕ್ ಬಂದಿತ್ತು. ಅವರು ಕೊಟ್ಟ ಪುರಾವೆ ನೋಡಬೇಕಿತ್ತು ನೀವು! ಗೆದ್ರು. ಒಂದು ಮಾತು ಕೇಳಿ ಅವರನ್ನ."

ಅವನಿಗೆ ಚಾರ್ಜ್‌ಬ್ಯಾಕ್ ಕೂಡ ನನಗಿಂತ ಮೊದಲು ಬಂದಿದೆ!

22 ಏಪ್ರಿಲ್, ಶುಕ್ರವಾರ

ಕೇಳುವುದಿಲ್ಲ.

23 ಏಪ್ರಿಲ್, ಶನಿವಾರ

ನಂಜಮ್ಮ ಅನ್ನ ಬಡಿಸುತ್ತಾ: "ಓಗಿ ಕೇಳಿದ್ರೆ ನಿಮ್ ಗಂಟೇನ್ರೀ ಓಗ್ತದೆ?"

"ಅವನೇ ಮಾಡಿಸಿದ್ದು ಇದನ್ನ."

"ಆವಯ್ಯನಿಗೆ ಮಾಡಕ್ಕೆ ಬ್ಯಾರೆ ಕ್ಯಾಮೆ ಇಲ್ವಾ? ನೀವು ಆವಯ್ಯನ ನೋಡೋ ಅಷ್ಟು ಆವಯ್ಯ ನಿಮ್ಮ ನೋಡಲ್ಲ ಬುಡಿ."

ಈ ಮಾತು ಎರಡನೇ ತುತ್ತಿನಲ್ಲಿ ಬಂತು. ಮೂರನೇ ತುತ್ತನ್ನು ತಟ್ಟೆಗೇ ವಾಪಸು ಇಟ್ಟೆ. ಅವನು ನನ್ನನ್ನು ನೋಡುವುದೇ ಇಲ್ಲವೇ? ಇಷ್ಟು ವರ್ಷದಲ್ಲಿ ಒಂದು ಸಲವೂ?

25 ಏಪ್ರಿಲ್, ಸೋಮವಾರ. ರಾತ್ರಿ

ಹೋದೆ. ನೇರವಾಗಿ ದಾಟಿದರೆ ಎಲ್ಲರೂ ನೋಡುತ್ತಾರೆಂದು ಬಸ್‌ಸ್ಟ್ಯಾಂಡಿನ ತನಕ ನಡೆದು, ಆ ಕಡೆಯಿಂದ, ದಾರಿಯಲ್ಲಿ ಆಕಸ್ಮಿಕವಾಗಿ ಅವನ ಅಂಗಡಿ ಸಿಕ್ಕವನಂತೆ ಒಳಗೆ ನುಗ್ಗಿದೆ.

"ಅರೆ! ಬನ್ನಿ ಬನ್ನಿ ಗುಂಡಯ್ಯನೋರೇ. ಎದುರುಬದುರು ಇದ್ದು ಇಷ್ಟು ವರ್ಷಕ್ಕೆ ಒಳಗೆ ಬಂದಿದ್ದು ಇದೇ ಮೊದಲು ನೋಡಿ. ಕೂತ್ಕೊಳ್ಳಿ."

ಎ.ಸಿ. ತಣ್ಣಗಿತ್ತು. ಬಾದಾಮಿ ಹಾಲು ಬಂತು. ಬೇಡವೆಂದೆ. ಕುಡಿದೆ. ಚೆನ್ನಾಗಿತ್ತು. ಇದನ್ನು ಬರೆಯಬಾರದಿತ್ತು.

ವಿಷಯ ಹೇಳಿದೆ, ಅರ್ಧ ನುಂಗಿ ಅರ್ಧ ಉಗುಳಿ. ಸ್ನೇಹಲತಾ ಅನ್ನುವ ಹೆಸರು ಕೇಳಿ ಅವನೇ ಮುಂದಕ್ಕೆ ಬಾಗಿದ.

"ಅವರಾ? ಅವತ್ತು ನಿಮ್ಮ ಅಂಗಡಿ ಬ್ಯಾಗ್ ತಂದು ನಮ್ಮ ಹತ್ರ ಸೀರೆಗೆ ಕುಚ್ಚು ಹಾಕೋದಕ್ಕೆ ಕೊಟ್ಟು ಹೋದ್ರಲ್ಲ. 'ಹೊನ್ನಶ್ರೀಲಿ ಸೀರೆ ಸಿಕ್ತು, ಕುಚ್ಚು ಹಾಕಲ್ವಂತೆ' ಅಂದ್ರು."

ನನ್ನ ಬ್ಯಾಗಿನ ಗತಿ ಇದು. ನಿಜ, ಆಕೆ ಕೇಳಿದ್ದರು. "ಅವೆಲ್ಲ ನಮ್ಮಲ್ಲಿಲ್ಲ" ಎಂದಿದ್ದೆ. ಎರಡು ತಿಂಗಳು ಆ ಗಾಜಿನ ಹಿಂದೆ ಎಂತೆಂಥ ಪಿತೂರಿ ಕಂಡಿದ್ದೆ! ಅಲ್ಲಿ ನಡೆದದ್ದು ದಾರದ ಕೆಲಸ.

"ನಿಮ್ಮ ಆ ಎಲೆಹಸಿರು ಇತ್ತಲ್ಲ ಗುಂಡಯ್ಯನೋರೇ, ಎರಡು ದಿನ ನಮ್ಮಲ್ಲೇ ಇತ್ತು. ಕಾಫಿ ಅಂಚು. ನಮ್ಮನೆಯವಳು ಕೈಯಲ್ಲಿ ಹಿಡ್ಕೊಂಡು 'ನಿಮಗೆ ಯಾಕ್ರೀ ಇಂಥದ್ದು ಸಿಗಲ್ಲ?' ಅಂದ್ಲು. ನೇಯೋರು ಯಾರು ಅಂತ ಕೇಳಲ್ಲ ಬಿಡಿ, ಹೇಳೋದೂ ಇಲ್ಲ ನೀವು."

ಹೇಳಲಿಲ್ಲ. ಆದರೆ ಆ ಮಾತನ್ನು ಅವನು ಮತ್ತೊಮ್ಮೆ ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದೆ.

ಕುಚ್ಚಿನ ಚೀಟಿ ತೆಗೆದುಕೊಟ್ಟ. "ಹೊನ್ನಶ್ರೀ ಸೀರೆ ಮೂರು" ಅಂತ ಬರೆದು, ವಾಪಸು ಪಡೆದದ್ದಕ್ಕೆ ಆಕೆಯ ಸಹಿ. ಫೋನ್ ನಂಬರ್ ಕೂಡ. ಗಿರಾಕಿಯ ನಂಬರ್ ಬರೆದಿಟ್ಟುಕೊಳ್ಳುತ್ತಾನೆ! ಸಹಿ ಹಾಕಿದ ಕಾರ್ಡ್ ಚೀಟಿಯನ್ನು ಅವತ್ತೇ ಜೆರಾಕ್ಸ್ ಮಾಡಿ, ಬಿಲ್ಲಿಗೆ ಪಿನ್ ಹೊಡೆದು, ಬಿಲ್ಲಿನ ಮೇಲೂ ಇನ್ನೊಂದು ಸಹಿ ಹಾಕಿಸುತ್ತಾನಂತೆ. ಹೋದ ವರ್ಷ ಗೆದ್ದದ್ದು ಹಾಗೆ.

"ಆದ್ರೆ ಆಕೆ ಸುಳ್ಳು ಹೇಳೋ ಪೈಕಿ ಅಲ್ಲ ಗುಂಡಯ್ಯನೋರೇ. ಬ್ಯಾಂಕಿನ ಪಟ್ಟೀಲಿ ಗುರುತು ಸಿಕ್ಕಿಲ್ಲ ಅಷ್ಟೇ. ನಿಮ್ಮ ಮೆಷಿನ್ ಯಾವ ಹೆಸರಲ್ಲಿದೆ?"

"ಅಕೌಂಟ್ ಹೆಸರಲ್ಲಿ."

"ಅಕೌಂಟು?"

ಗಂಟಲು ಸರಿಮಾಡಿಕೊಂಡೆ. "ಕೆಂಪಣ್ಣ ಕೊಬ್ಬರಿ ಮಂಡಿ."

ಅಪ್ಪ ಕೆಂಪಣ್ಣ ಕೊಬ್ಬರಿ ವ್ಯಾಪಾರಿ. ನಾನು ಸೀರೆಗೆ ಇಳಿದಾಗ ಅಂಗಡಿ ಬದಲಾಯಿತು, ಬೋರ್ಡ್ ಬದಲಾಯಿತು, ಬ್ಯಾಂಕಿನ ಖಾತೆ ಮಾತ್ರ ಹಳೇ ಹೆಸರಿನಲ್ಲೇ ಉಳಿಯಿತು. ಆಗಿಬಂದ ಹೆಸರು ಅಂತ ಅವ್ವ ಮುಟ್ಟಗೊಡಲಿಲ್ಲ. ಮೆಷಿನ್ ಬಂದದ್ದು ಆ ಖಾತೆಗೆ. ಅಂದರೆ ಬೆಂಗಳೂರಿನಲ್ಲಿ ಕಾರ್ಡಿನ ಬಿಲ್ಲು ಬಿಚ್ಚಿದವರ ಕಣ್ಣಿಗೆ ಬಿದ್ದದ್ದು, ಚನ್ನರಾಯಪಟ್ಟಣದಲ್ಲಿ ಇಪ್ಪತ್ತೆಂಟು ಸಾವಿರದ ನಾನೂರು ರೂಪಾಯಿಯ ಕೊಬ್ಬರಿ!

ಪ್ರದ್ಯುಮ್ನನಿಗೆ ನಗುವ ಪೂರ್ತಿ ಹಕ್ಕಿತ್ತು. ನಗಲಿಲ್ಲ. ಹಾಲಿನ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಲೋಟ ಖಾಲಿಯಿತ್ತು.

ಆಮೇಲೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದ.

"ಅಯ್ಯೋ ಶಿವನೇ, ಅದು ನಿಮ್ಮ ಎದುರಂಗಡಿ ದುಡ್ಡಾ?" ಸ್ನೇಹಲತಾ ಅವರ ದನಿ. "ಕಾರ್ಡ್ ನಮ್ಮ ಯಜಮಾನ್ರದ್ದು ಕಣ್ರೀ. ಬಿಲ್ಲು ಹಿಡ್ಕಂಡು ಬಂದು 'ಪಟ್ಟಣದಲ್ಲಿ ಕೊಬ್ರಿ ತಗಂಡಿದ್ಯಾ?' ಅಂದ್ರು. ನಾನ್ಯಾಕೆ ಕೊಬ್ರಿ ತಗಳ್ಳಿ? ಇಲ್ಲ ಅಂದೆ. ಅವರು ಆವಾಗ್ಲೇ ಬ್ಯಾಂಕಿಗೆ ಬರೆದು ಹಾಕವ್ರೆ! ಛೇ, ಆವಯ್ಯ ಎಷ್ಟು ನೊಂದ್ಕಂಡ್ರೋ ಏನೋ."

ಆವಯ್ಯ ಪಕ್ಕದಲ್ಲೇ ಕೂತಿದ್ದ.

ಶುಕ್ರವಾರ ಹೊಳೆನರಸೀಪುರದಲ್ಲಿ ತಮ್ಮನ ಗೃಹಪ್ರವೇಶವಂತೆ. ಯಜಮಾನರ ಸಹಿ ಹಾಕಿಸಿದ ಕಾಗದವನ್ನು ದಾರಿಯಲ್ಲಿ ಅಂಗಡಿಗೇ ತಂದು ಕೊಡುತ್ತಾರಂತೆ. ಬ್ಯಾಂಕಿನ ಕಡೇ ದಿನ ಶನಿವಾರ.

ಅಂಗಡಿಗೆ ಅಂದರೆ ಯಾರ ಅಂಗಡಿಗೆ? ಕೇಳಬೇಕಿತ್ತು. ಫೋನ್ ಅವನ ಕೈಯಲ್ಲಿತ್ತು.

26 ಏಪ್ರಿಲ್, ಮಂಗಳವಾರ

ಖಾತೆಯ ಹೆಸರು ಬದಲಾಯಿಸೋಣ ಅಂದೆ.

"ನಿಮ್ಮಪ್ಪ ಆ ಎಸರಲ್ಲೇ ಕಣ್ಲಾ ಗುಂಡ ಎದ್ದು ನಿಂತಿದ್ದು," ಅವ್ವ ಎಲೆಯಡಿಕೆ ಪಕ್ಕಕ್ಕಿಟ್ಟು ಶುರುಮಾಡಿದಳು. "ಎಸರು ಬದ್ಲಾಯಿಸ್ಬುಟ್ರೆ ಲಕ್ಷ್ಮಿಗೆ ಮನೆ ಗುರ್ತು ಸಿಕ್ಕಾದೇ?"

"ಅವ್ವ, ಬೆಂಗಳೂರಿನೋರಿಗೆ ಅಂಗಡಿ ಗುರುತು ಸಿಕ್ತಾ ಇಲ್ಲ."

"ಬೆಂಗ್ಳೂರೋರು ದೇವ್ರಾ? ಕೊಬ್ರಿ ಅಂತ ಬಂದ್ರೆ ಏನ್ಲಾ ಅವಮಾನ? ಕೊಬ್ರಿ ದುಡ್ಡಲ್ಲೇ ನೀನು ಇಸ್ಕೂಲ್ಗೆ ಓಗಿದ್ದು."

ಕೊನೆಗೆ ನಿನ್ನೆ ಹೊರಡುವಾಗ ಪ್ರದ್ಯುಮ್ನ ಹೇಳಿದ್ದ ಉಪಾಯವನ್ನೇ ಮಾಡಿದೆ. ಗಲ್ಲಾದ ಮೇಲೆ ದಪ್ಪಕ್ಷರದ ರಟ್ಟು: "ಕಾರ್ಡಿನ ಬಿಲ್ಲಿನಲ್ಲಿ ನಮ್ಮ ಹೆಸರು ಕೆಂಪಣ್ಣ ಕೊಬ್ಬರಿ ಮಂಡಿ ಎಂದು ಬರುತ್ತದೆ. ಗಾಬರಿಯಾಗಬಾರದು." ನಂಜಮ್ಮ ಓದಿ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಪ್ರದ್ಯುಮ್ನ ಈ ಕಥೆಯನ್ನು ಬೀದಿಗೆಲ್ಲ ಹೇಳಿರಬೇಕೆಂದು ಹೋಟೆಲಿನಲ್ಲಿ ಕಾಫಿಗೆ ಕೂತು ಕಿವಿಗೊಟ್ಟೆ. ಯಾರಿಗೂ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ನಾನಾಗಿದ್ದರೆ ಹಾಸನದ ತನಕ ಹೇಳಿಕೊಂಡು ಬರುತ್ತಿದ್ದೆ.

ಇದು ಒಳ್ಳೆಯತನವೋ, ನನ್ನನ್ನು ಕೊಲ್ಲುವ ಹೊಸ ವಿಧಾನವೋ.

29 ಏಪ್ರಿಲ್, ಶುಕ್ರವಾರ. ಬೆಳಿಗ್ಗೆ, ಅಂಗಡಿಯಲ್ಲಿ

ಬಿಲ್ಲಿನ ಪ್ರತಿ, ಕುಚ್ಚಿನ ಚೀಟಿ, ಎರಡೂ ಕವರಿನಲ್ಲಿವೆ. ಆ ಕಾಗದ ಒಂದು ಬಂದರೆ ಮಧ್ಯಾಹ್ನದ ಬಸ್ಸಿಗೆ ಹಾಸನ. ಮೆಷಿನ್ ಉಳಿಯುತ್ತದೆ.

ಕಾರು ಇನ್ನೂ ಬಂದಿಲ್ಲ. ಆಕೆ ಅವನ ಅಂಗಡಿಗೆ ಹೋದರೆ? ಕಾಗದ ಹಿಡಿದು ಪ್ರದ್ಯುಮ್ನ ರಸ್ತೆ ದಾಟುತ್ತಾನೆ. ಬೀದಿಯೆಲ್ಲ ನೋಡುತ್ತದೆ. ನಾನು ಎರಡೂ ಕೈಯಲ್ಲಿ ಪ್ರಸಾದದಂತೆ ತೆಗೆದುಕೊಳ್ಳಬೇಕು.

"ಓಗಿ ರಸ್ತೇಲಿ ನಿಂತ್ಕಳ್ರೀ, ನೋಡಿದ ತಕ್ಷಣ ಕೂಗಿ," ನಂಜಮ್ಮನ ಸಲಹೆ.

"ನಿಂತರೆ ಕಾಯ್ತಾ ಇದ್ದೀನಿ ಅಂತ ಅವನಿಗೆ ಗೊತ್ತಾಗಲ್ವಾ?"

"ಕಾಯ್ತಾ ತಾನೇ ಇರೋದು?"

ಬರೆಯುವವನಂತೆ ಕೂತಿದ್ದೇನೆ. ಬರೆಯುತ್ತಲೂ ಇದ್ದೇನೆ.

ಕಾರು. ಬಿಳಿ. ಅದೇ.

ಎರಡು ಅಂಗಡಿಗೂ ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಿದ್ದಾರೆ! ಬೇಕೆಂದೇ ಅಳೆದು ನಿಲ್ಲಿಸಿದಂತೆ. ಇಳಿದರು. ಕೈಯಲ್ಲಿ ಕಂದು ಕವರು. ನಮ್ಮ ಬೋರ್ಡ್ ನೋಡಿದರು. ಅವನ ಬೋರ್ಡ್ ನೋಡಿದರು. ಗಾಜಿನ ಬಾಗಿಲು ತೆರೆಯಿತು. ಅವನೇ ಹೊರಗೆ ಬಂದ. ಬರದೆ ಇರುತ್ತಾನೆಯೇ. ನಮಸ್ಕಾರ. ನಗು. ಆಕೆ ಅವನ ಕಡೆಗೆ ನಾಲ್ಕು ಹೆಜ್ಜೆ ಹೋಗಿ ಕವರು ಚಾಚಿದರು.

ಆಯಿತು. ತೆಗೆದುಕೊಳ್ಳಲಿ. ತೆಗೆದುಕೊಂಡರೆ ನನಗೂ ಒಂದು ಅನುಕೂಲ ಇದೆ, ಇನ್ನು ಹತ್ತು ವರ್ಷ ನೆಮ್ಮದಿಯಾಗಿ ಬೈಯಬಹುದು.

ಇಲ್ಲ.

ಎರಡೂ ಕೈ ಬೆನ್ನ ಹಿಂದಕ್ಕೆ ಕಟ್ಟಿಕೊಂಡ. ಗದ್ದ ಎತ್ತಿ ನಮ್ಮ ಅಂಗಡಿಯ ಕಡೆ ತೋರಿಸಿದ. ಆಕೆ ಏನೋ ಅಂದರು. ತಲೆಯಲ್ಲಾಡಿಸಿ ಮತ್ತೆ ತೋರಿಸಿದ.

ನನ್ನ ಗಿರಾಕಿಯನ್ನು ನನ್ನ ಅಂಗಡಿಗೆ ಅವನು ಕಳಿಸುತ್ತಿದ್ದಾನೆ! ಬೈಯುವುದಕ್ಕೆ ಅಂತ ಇದ್ದ ಒಂದೇ ದಾರಿ. ಅದಕ್ಕೂ ಕಲ್ಲು ಹಾಕಿದ.

ಆಕೆ ಈ ಕಡೆ ತಿರುಗಿದರು. ಲಾರಿ ಒಂದು ಹೋಗಲಿ ಎಂದು ನಿಂತಿದ್ದಾರೆ. ಅವನು ಒಳಗೆ ಹೋಗಿಲ್ಲ. ಅಲ್ಲೇ ನಿಂತು ನೋಡುತ್ತಿದ್ದಾನೆ. ಆಕೆಯನ್ನಲ್ಲ, ನನ್ನನ್ನು. ನಂಜಮ್ಮನಿಗೆ ಹೇಳಬೇಕು, ನೋಡುತ್ತಾನೆ, ನೋಡುತ್ತಾನೆ ಅಂತ.

ಈಗ ನಾನು ಏನಾದರೂ ಮಾಡಲೇಬೇಕು. ಮಾಡದಿದ್ದರೆ ಚೆನ್ನಾಗಿರುವುದಿಲ್ಲ. ಇದನ್ನು ಓದುತ್ತಿರುವವರು ಯಾರೇ ಆಗಿರಿ, ಈ ಪೆನ್ನು ಒಂದು ನಿಮಿಷ ಹಿಡಿದುಕೊಳ್ಳಿ. ಕ್ಯಾಪ್ ಹಾಕಬೇಡಿ, ಬಂದೆ. ನನಗೆ ಬಲಗೈ ಬೇಕಾಗಿದೆ, ಅವನ ಕಡೆಗೆ ಒಂದು ಸಲ